ಕಿವಿ ಮೇಸ್ತ್ರಿ ಕೇಳಿದ ಗುಂಯ್ ಸದ್ದು

ಇರುವೆ ಕೆಮ್ಮಿದರೆ ಅದು ನೆಗಡಿಯ ಕೆಮ್ಮೋ ದಮ್ಮಿನ ಕೆಮ್ಮೋ ಎಂದು ಹೇಳಬಲ್ಲ ಕಿವಿ ಈ ಭೂಮಂಡಲದಲ್ಲಿ ಒಂದೇ ಒಂದು ಜೊತೆ ಇತ್ತು. ಅದು ಗ್ಯಾರೇಜಿನ ಮೇಸ್ತ್ರಿಯ ತಲೆಯ ಎರಡು ಬದಿಗೆ ಅಂಟಿಕೊಂಡಿತ್ತು. ಮೂರು ಬೀದಿ ಆಚೆ ಲಾರಿಯೊಂದು ಗೇರ್ ಬದಲಿಸಿದರೆ ಸಾಕು, ಚಹಾ ಲೋಟ ಕೆಳಗಿಡದೆ ಅದರ ಡ್ರೈವರನ ಚಪ್ಪಲಿ ಯಾವ ಕಡೆ ಸವೆದಿದೆ ಎಂದು ಹೇಳಿಬಿಡುತ್ತಿದ್ದ. ಗಾಡಿಯೊಂದು ಇನ್ನೂ ಕಾರ್ಖಾನೆಯಲ್ಲಿ ಬಣ್ಣ ಬಳಿಸಿಕೊಳ್ಳುತ್ತಿರುವಾಗಲೇ ಅದರ ಬೇರಿಂಗ್ ಅಳುವುದು ಇವನಿಗೆ ಇಲ್ಲಿ ಕೇಳಿಸಿತ್ತಂತೆ. ಹೆತ್ತವರು ಇಟ್ಟ ಹೆಸರು ಅವನಿಗೇ ಮರೆತುಹೋಗಿತ್ತು. ಎಲ್ಲರಿಗೂ ಅವನು ಕಿವಿ ಮೇಸ್ತ್ರಿ.

ಆ ಕಿವಿಯೇ ಈಗ ಸ್ವಂತ ಭಾವನನ್ನು ಲಾಕಪ್ಪಿಗೆ ತಳ್ಳಿ ಕೂತಿತ್ತು.

ಮಂಜುಗಡ್ಡೆ ಕಾರ್ಖಾನೆಯ ಕಾವಲುಗಾರನ ತಲೆ ಒಡೆದು, ಅಲ್ಲಿದ್ದ ತಾಮ್ರದ ಕೊಳವೆಗಳನ್ನೆಲ್ಲ ಯಾರೋ ಹೊತ್ತೊಯ್ದ ಸಂಜೆ ಅದು. ಚಹಾ ಅಂಗಡಿಯಲ್ಲಿ ಕೂತಿದ್ದ ಮೇಸ್ತ್ರಿ ಎಲ್ಲರೆದುರು ಡಂಗುರ ಸಾರಿದ್ದ: "ಈಗ ಕಾರ್ಖಾನೆ ಕಡೆ ಹೋಗಿದ್ದು ನಮ್ಮ ಭಾವನ ಪಿಕಪ್ಪು. ಪ್ರೊಪೆಲ್ಲರ್ ಶಾಫ್ಟ್ ಗುಂಯ್ ಅಂತಿದೆ." ಮಾರನೆಯ ದಿನ ಪೊಲೀಸರು ಭಾವನ ಪಿಕಪ್ಪನ್ನು ಓಡಿಸಿ ನೋಡಿದರು. ಗುಂಯ್ ಎಂದಿತು. ಭಾವ ಮಾತ್ರ, ಆ ಸಂಜೆ ಗಾಡಿ ಅಂಗಳ ಬಿಟ್ಟು ಕದಲಿಯೇ ಇಲ್ಲ, ಅದು ಯಾವತ್ತೂ ಗುಂಯ್ ಅಂದದ್ದೂ ಇಲ್ಲ ಎಂದು ಗಂಟಲು ಹರಿಯುವಂತೆ ಹೇಳುತ್ತಿದ್ದ.

ಕಾವಲುಗಾರ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಬಿಡದೇ ಹೋದರೆ ಭಾವನ ಮೇಲಿನ ಕಳವಿನ ಕೇಸು ಕೊಲೆ ಕೇಸಾಗುತ್ತದೆ.

ಈಗ ಆ ಪಿಕಪ್ಪು ಪೊಲೀಸ್ ಠಾಣೆಯ ಧೂಳು ಹೊತ್ತುಕೊಂಡು ಮೇಸ್ತ್ರಿಯ ಗ್ಯಾರೇಜಿನೊಳಗೆ ಬಂದು ನಿಂತಿತ್ತು. ಬಾಗಿಲಿಗೆ ಬೆನ್ನು ಕೊಟ್ಟು ಇನ್‌ಸ್ಪೆಕ್ಟರಮ್ಮ ನಿಂತಿದ್ದರು.

"ಸ್ವಲ್ಪ ಈಕಡೆ ಬೆಳಕಿಗೆ ಬನ್ನಿ ಮೇಡಂ," ಎಂದ ಮೇಸ್ತ್ರಿ. "ಮುಖ ಕಾಣದೋರ ಜೊತೆ ಮಾತಾಡಿ ನನಗೆ ಅಭ್ಯಾಸ ಇಲ್ಲ."

ಇನ್‌ಸ್ಪೆಕ್ಟರಮ್ಮ ಬೆಳಕಿಗೆ ಬಂದರು. ಬಂದು, ಅವನನ್ನು ಬೂಟಿನಿಂದ ಬೋಳುತಲೆಯವರೆಗೆ ಒಮ್ಮೆ ನೋಡಿದರು. "ಕೇಳಿದ್ದು ನೀವು. ಆ ಸದ್ದು ಎಲ್ಲಿಂದ ಬರ್ತಿದೆ, ಯಾಕೆ ಬರ್ತಿದೆ, ಬಿಡಿಸಿ ತೋರಿಸಿ. ಬರೀ 'ನನ್ನ ಕಿವಿ ಹೇಳ್ತು' ಅಂದ್ರೆ ನ್ಯಾಯಾಧೀಶರು ಒಪ್ಪಲ್ಲ."

"ನ್ಯಾಯಾಧೀಶರ ಕಾರಿನ ಸೈಲೆನ್ಸರ್ ಕೂಡ ನಾನೇ ನೋಡೋದು ಮೇಡಂ. ಅವರು ಮನೆಯಲ್ಲಿ ಗೊರಕೆ ಹೊಡೆದ್ರೆ ಇಲ್ಲಿಂದಲೇ..."

"ಸಾಕು."

ಯಾರೋ ಮೇಸ್ತ್ರಿಯ ಭುಜ ತಟ್ಟಿದರು. ತಿರುಗಿದ. ಅಕ್ಕ. ಕೈಯಲ್ಲಿ ಊಟದ ಕ್ಯಾರಿಯರ್, ಕಣ್ಣು ಅತ್ತು ಅತ್ತು ಟೊಮೆಟೊ ಆಗಿತ್ತು. ಎಂದಿನಂತೆ ಅವನ ಮುಖಕ್ಕೆ ಮುಖ ಕೊಟ್ಟು ನಿಂತಳು.

"ತಮ್ಮಾ, ಒಂದು ಮಾತು ಕೇಳು. ಈಗ ಮಾತು ಬದಲಾಯಿಸ್ಬೇಡ ಕಣೋ. ಕೇಳಿದೀನಿ ಅಂದ ಮೇಲೆ ಕೇಳಿದೀನಿ. ಕೇಳೇ ಇಲ್ಲ ಅಂತ ಶುರು ಮಾಡಿದ್ರೆ ನಾಳೆಯಿಂದ ನಿನ್ನ ಹತ್ರ ಸೈಕಲ್ ಕೂಡ ರಿಪೇರಿಗೆ ಬರಲ್ಲ. ನಿನ್ನ ಭಾವಂದು ಹೇಗೋ ಆಗುತ್ತೆ ಬಿಡು."

ಮೇಸ್ತ್ರಿ ಕ್ಯಾರಿಯರ್ ಇಸಿದುಕೊಂಡು ಬೆಂಚಿನ ಮೇಲಿಟ್ಟ. ಗಂಡ ಕಂಬಿಯ ಹಿಂದೆ ಇರುವಾಗಲೂ ತಮ್ಮನ ಮರ್ಯಾದೆಯ ಚಿಂತೆ! ಇಂಥ ಅಕ್ಕ ಏಳು ಲೋಕ ಜಾಲಾಡಿದರೂ ಸಿಗುವುದಿಲ್ಲ ಎಂದುಕೊಂಡ.

"ನಿಮ್ಮ ಅಂಗಳಕ್ಕೆ ಈಚೆಗೆ ಹೊರಗಿನವರು ಯಾರಾದ್ರೂ ಬಂದಿದ್ರಾಮ್ಮ?" ಇನ್‌ಸ್ಪೆಕ್ಟರಮ್ಮ ಅಕ್ಕನನ್ನು ಕೇಳಿದರು.

"ಇಲ್ಲ ಮೇಡಂ. ಗೇಟಿನ ಬೀಗದ ಕೈ ಹಗಲೂ ರಾತ್ರಿ ನನ್ನ ಸೊಂಟದಲ್ಲೇ. ನೊಣ ಕೂಡ ನನ್ನ ಕೇಳಿ ಒಳಗೆ ಬರ್ಬೇಕು."

ಗಂಡನನ್ನು ಉಳಿಸಬೇಕಾದವಳು ಆಡುವ ಮಾತೇ ಇದು? ಮೇಸ್ತ್ರಿ ಕಣ್ಣಿನಲ್ಲೇ ಅವಳಿಗೆ ಸನ್ನೆ ಮಾಡಿದ. ಅಕ್ಕ ನೋಡಲಿಲ್ಲ.

"ಮೊದಲು ಚಕ್ರ ನೋಡೋಣ," ಎಂದ ಮೇಸ್ತ್ರಿ. "ಗಾಡಿ ನಡುಗಿದ್ರೆ ಮೊದಲ ಅನುಮಾನ ಚಕ್ರದ ಮೇಲೆ. ಲೋ ಗಾಳೀ!"

ಅವನ ಕರೆಗೆ ಹೆಂಚು ನಾಲ್ಕು ಸರಿದಿರಬೇಕು. ಪಕ್ಕದ ಟೈರ್ ಅಂಗಡಿಯಿಂದ ಗಾಳಿ ಬಂದ. ಗಾಳಿ ಎಂದರೆ ಟೈರಿಗೆ ಗಾಳಿ ತುಂಬುವವನು, ಮೇಸ್ತ್ರಿಯ ಚಹಾ ಜೊತೆಗಾರ. ಹಲ್ಲು ಕಿರಿಯದೆ ಮಾತಾಡಲು ಬಾರದ ಆಸಾಮಿ. ಅವನ ಕಂಪ್ರೆಸರ್ ಬೆಳಗಿನಿಂದ ಎರಡೂ ಅಂಗಡಿಯ ನೆಲವನ್ನು ಬಡಿಯುತ್ತಲೇ ಇತ್ತು. ಕಿವಿಯ ಹಿಂದೆ, ಪಂಕ್ಚರ್ ಆದ ಜಾಗ ಗುರುತಿಸುವ ಹಳದಿ ಬಳಪದ ತುಂಡು ಸಿಕ್ಕಿಸಿಕೊಂಡಿದ್ದ. ಸ್ನಾನಕ್ಕೆ ಹೋದಾಗಲೂ ಅದು ಅಲ್ಲೇ ಇರುತ್ತದೆಂದು ಅವನ ಹೆಂಡತಿ ಹೇಳಿದ್ದಳು.

"ಗುರುಗಳ ಕಿವಿ ತೀರ್ಪು ಕೊಟ್ಟ ಮೇಲೆ ನನ್ನದೇನು ಮೇಡಂ?" ಎನ್ನುತ್ತ ಗಾಳಿ ನಾಲ್ಕೂ ಚಕ್ರ ಕಳಚಿದ, ಯಂತ್ರದ ಮೇಲೆ ತಿರುಗಿಸಿ ತೂಕ ನೋಡಿದ, ಮರಳಿ ಹಾಕಿದ. ಒಂದೊಂದು ನಟ್ಟು ಬಿಗಿ ಮಾಡಿದ ಕೂಡಲೇ ಕಿವಿಯ ಹಿಂದಿನ ಬಳಪ ತೆಗೆದು ಅದರ ಮೇಲೊಂದು ಗೀಟು. ಬಿಗಿ ಮಾಡುವುದು, ಗೀಟು. ಬಿಗಿ ಮಾಡುವುದು, ಗೀಟು. ಕೈ ತನ್ನಷ್ಟಕ್ಕೆ ಹೋಗಿ ಬರುತ್ತಿತ್ತು.

"ಅದ್ಯಾಕೆ?" ಇನ್‌ಸ್ಪೆಕ್ಟರಮ್ಮ ಕೇಳಿದರು.

"ಯಾವುದು ಬಿಗಿ ಆಯ್ತು ಯಾವುದು ಆಗಿಲ್ಲ ಅಂತ ಮರೀಬಾರ್ದಲ್ಲ ಮೇಡಂ. ನಮ್ಮ ಕಸುಬಲ್ಲಿ ಒಂದು ನಟ್ಟು ಮರೆತ್ರೆ ಒಂದು ಹೆಣ." ಮತ್ತೆ ಹಲ್ಲು ಕಿರಿದ. "ಚಕ್ರದಲ್ಲಿ ತಪ್ಪಿಲ್ಲ ಗುರುವೇ. ನೀವು ಹೇಳಿದ್ದೇ ಸೈ. ಶಾಫ್ಟು."

ಹೇಳಿ ಹೊರಟುಹೋದ.

ಇನ್ನು ಓಡಿಸಿ ನೋಡುವ ಸರದಿ. ಮೇಸ್ತ್ರಿ ಬೂಟು ಕಳಚಿ ಬರಿಗಾಲಲ್ಲಿ ಹತ್ತಿದ.

"ಬೂಟು?"

"ಬೂಟು ಹಾಕ್ಕೊಂಡು ಗಾಡಿ ಪರೀಕ್ಷೆ ಮಾಡೋದು ಅಂದ್ರೆ ಕೈಗವಸು ಹಾಕ್ಕೊಂಡು ನಾಡಿ ಹಿಡಿದ ಹಾಗೆ ಮೇಡಂ."

ಹೊರವಲಯದ ನೇರ ರಸ್ತೆಗೆ ಬಂದರು. ನಲವತ್ತರವರೆಗೆ ಪಿಕಪ್ಪು ನಿದ್ದೆಯಲ್ಲಿರುವ ಕೂಸು. ಐವತ್ತು ದಾಟಿತು. ಅಂಗಾಲಿನಡಿ ಜೇನುಗೂಡು ಕೆದಕಿದಂತಾಯಿತು. ಅರವತ್ತಕ್ಕೆ ಕನ್ನಡಿಯೊಳಗಿನ ಪ್ರಪಂಚವೆಲ್ಲ ನಡುಗಿ ಮಸುಕಾಯಿತು. ಮೇಸ್ತ್ರಿಯ ಲೆಕ್ಕದಲ್ಲಿ ಹಿಂದಿನ ಬೆಟ್ಟವೂ ನಡುಗಿತು.

"ಈಗ ನೋಡಿ ಒಬ್ಬೊಬ್ಬರನ್ನೇ ಬಿಡುಗಡೆ ಮಾಡ್ತೀನಿ," ಎಂದು ಗೇರನ್ನು ನ್ಯೂಟ್ರಲ್ಲಿಗೆ ತಳ್ಳಿದ. ಇಂಜಿನ್ ಇಳಿದು ತಣ್ಣಗಾಯಿತು, ಗಾಡಿ ತನ್ನ ಓಟದಲ್ಲೇ ಹೋಯಿತು. ನಡುಕ ಹಾಗೇ ಇತ್ತು. "ಇಂಜಿನ್ ನಿರಪರಾಧಿ. ಅದು ತಪ್ಪು ಮಾಡಿದ್ರೆ ಈಗ ಸುಮ್ಮನಾಗ್ಬೇಕಿತ್ತು." ಎಡಕ್ಕೆ ಬಲಕ್ಕೆ ಸ್ಟೇರಿಂಗ್ ಎಳೆದ. ನಡುಕ ಏರಲೂ ಇಲ್ಲ, ಇಳಿಯಲೂ ಇಲ್ಲ. "ಚಕ್ರದ ಬೇರಿಂಗೂ ಅಲ್ಲ." ಗೇರ್ ಹಾಕಿ ಕಾಲು ಒತ್ತಿದ, ಬಿಟ್ಟ, ಒತ್ತಿದ, ಬಿಟ್ಟ. "ಹಿಂದಿನ ಎರಡು ಚಕ್ರದ ನಡುವಿರೋ ಡಿಫ್ರೆನ್ಶಿಯಲ್ ಉಂಡೆಯ ಹಲ್ಲು ಸವೆದಿದ್ರೆ ಒತ್ತಿದಾಗೊಂದು ರಾಗ, ಬಿಟ್ಟಾಗೊಂದು ರಾಗ. ಇಲ್ಲಿ ಒಂದೇ ರಾಗ. ಉಳಿದದ್ದು ಯಾರು? ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ತಿರುಗುವಿಕೆ ಹೊತ್ತೊಯ್ಯೋ ಆ ಉದ್ದದ ಕೊಳವೆ, ಪ್ರೊಪೆಲ್ಲರ್ ಶಾಫ್ಟು."

ಇನ್‌ಸ್ಪೆಕ್ಟರಮ್ಮನ ತುಟಿ ಅಲುಗಿ ನಿಂತದ್ದು ಓರೆಗಣ್ಣಿಗೆ ಕಂಡಿತು. ಮೇಸ್ತ್ರಿ ರಸ್ತೆಯಿಂದ ಕಣ್ಣು ಕೀಳದೆ, ಅರೆಗಳಿಗೆ ತಡೆದು, "ಅದೇ ಮತ್ತೆ," ಎಂದ.

ಅವರು ಅವನನ್ನು ವಿಚಿತ್ರವಾಗಿ ನೋಡಿದರು.

ಆದರೆ ಮೇಸ್ತ್ರಿಯ ತಲೆಯಲ್ಲಿ ಬೇರೆಯೇ ಹುಳ ಕೊರೆಯುತ್ತಿತ್ತು. ಈ ಶಾಫ್ಟಿನ ಎರಡೂ ತುದಿಯ ಕೀಲುಗಳು, ಅಂದರೆ ಕ್ರಾಸ್, ಹಳತಾಗಿದ್ದವೆಂದು ಈಚೆಗಷ್ಟೇ ಬದಲಿಸಿದ್ದು ಅವನೇ. ಹೊಸ ಕ್ರಾಸ್, ಹೊಸ ಗ್ರೀಸ್. ಆಗ ಗಾಡಿ ಬೆಣ್ಣೆಯ ಮೇಲೆ ಚಾಕು ಹೋದ ಹಾಗೆ ಹೋಗುತ್ತಿತ್ತು. ತಾನು ಮುಟ್ಟಿ ಹರಸಿದ ಶಾಫ್ಟು ಹೀಗೆ ಹುಚ್ಚು ಹಿಡಿದವರಂತೆ ಕುಣಿಯುವುದೆಂದರೇನು?

ಗ್ಯಾರೇಜಿಗೆ ಮರಳಿ, ಹಿಂದಿನ ಚಕ್ರಗಳು ನೆಲ ಬಿಡುವಂತೆ ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿದ. ಇನ್‌ಸ್ಪೆಕ್ಟರಮ್ಮನನ್ನೇ ಸೀಟಿನಲ್ಲಿ ಕೂರಿಸಿ ಗೇರ್ ಹಾಕಿಸಿ, ತಾನು ಪಕ್ಕದಿಂದ ಬಗ್ಗಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಡಿಫ್ರೆನ್ಶಿಯಲ್ ಉಂಡೆಗೆ ಒತ್ತಿ, ಹಿಡಿಯನ್ನು ಹಲ್ಲಲ್ಲಿ ಕಚ್ಚಿ ಕಣ್ಣು ಮುಚ್ಚಿದ. ಬೇರೆ ಮೆಕ್ಯಾನಿಕ್ಕುಗಳು ಅದನ್ನು ಕಿವಿಗೆ ಹಿಡಿಯುತ್ತಾರೆ. ಇವನು ಕಚ್ಚುತ್ತಾನೆ. ಅದು ಇವನ ಶೈಲಿ ಎಂದು ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು.

ಒಳಗಿನ ಹಲ್ಲುಗಳು ಸರಿಯಾಗಿಯೇ ಇದ್ದವು. ಕಳ್ಳ ಹೊರಗೇ ಇದ್ದ.

ಇಂಜಿನ್ ನಿಲ್ಲಿಸಿ ಬೀಗದ ಕೈ ಜೇಬಿಗೆ ಹಾಕಿಕೊಂಡು ಕೆಳಗೆ ತೆವಳಿದ. ಬೆನ್ನಡಿ ತಣ್ಣನೆಯ ಸಿಮೆಂಟು, ಮೂಗಿನ ಮೇಲೆ ಕೆಸರಿನ ಪುಡಿ. ಟಾರ್ಚು ಹಿಡಿದ.

ಶಾಫ್ಟಿನ ಹಿಂದಿನ ತುದಿಯಲ್ಲಿ ಒಂದು ಬಿಲ್ಲೆ. ಡಿಫ್ರೆನ್ಶಿಯಲ್ ಮೂತಿಯಲ್ಲಿ ಇನ್ನೊಂದು ಬಿಲ್ಲೆ. ಎರಡನ್ನೂ ಸೇರಿಸಿ ನಾಲ್ಕು ಬೋಲ್ಟು. ಶಾಫ್ಟ್ ಬಿಚ್ಚುವ ಮೊದಲು ಮೇಸ್ತ್ರಿ ಎರಡೂ ಬಿಲ್ಲೆಗೆ ಅಕ್ಕಪಕ್ಕದಲ್ಲಿ ಪಂಚು ಹೊಡೆದು ಒಂದೊಂದು ಚುಕ್ಕಿ ಇಡುತ್ತಿದ್ದ. ಮರಳಿ ಜೋಡಿಸುವಾಗ ಚುಕ್ಕಿ ಚುಕ್ಕಿಯ ಪಕ್ಕಕ್ಕೇ ಬರಬೇಕು. ನಾಲ್ಕು ತೂತು ಹೇಗೂ ಕೂಡುತ್ತವಲ್ಲ ಎಂದು ತಿರುಗಿಸಿ ಹಾಕಿದರೆ ಎರಡರ ತೂಕ ಒಂದೇ ಕಡೆ ವಾಲಿ ಹೊಸ ಗಾಡಿಯೂ ನಡುಗುತ್ತದೆ.

ಒಂದು ಚುಕ್ಕಿ ನೆಲ ನೋಡುತ್ತಿತ್ತು. ಇನ್ನೊಂದು ಎಲ್ಲಿ? ಬೆರಳಿಂದ ತಡಕಾಡಿದ. ಅದು ನೆತ್ತಿಯಲ್ಲಿ, ಆಕಾಶ ನೋಡುತ್ತಿತ್ತು.

ಅರ್ಧ ಸುತ್ತು! ಯಾರೋ ಬಿಚ್ಚಿದ್ದಾರೆ. ತಿರುಗಿಸಿ ಹಾಕಿದ್ದಾರೆ.

ಟಾರ್ಚನ್ನು ಇನ್ನೂ ಹತ್ತಿರ ತಂದ. ಸುತ್ತಲಿನ ಕಬ್ಬಿಣಕ್ಕೆಲ್ಲ ಕೆಸರು ಗಟ್ಟಿಯಾಗಿ ಮೆತ್ತಿತ್ತು. ಬೋಲ್ಟಿನ ತಲೆಗಳ ಮೇಲೆ ಮಾತ್ರ ಕೆಸರಿಲ್ಲ. ಮತ್ತು ಆ ನಾಲ್ಕೂ ತಲೆಯ ಮೇಲೆ, ಗ್ರೀಸಿನಲ್ಲಿ ಅರ್ಧ ಮುಳುಗಿ, ಒಂದೊಂದು ಹಳದಿ ಗೀಟು.

ಮೇಸ್ತ್ರಿ ಒಂದು ಗೀಟನ್ನು ಬೆರಳಿಂದ ಮುಟ್ಟಿ ನೋಡಿದ.

ಕತ್ತು ಹೊರಳಿಸಿದ. ಗಾಡಿಯ ಅಂಚಿನಾಚೆ ಇನ್‌ಸ್ಪೆಕ್ಟರಮ್ಮನ ಕಂದು ಬೂಟು, ಅದರ ಪಕ್ಕ ಅಕ್ಕನ ಚಪ್ಪಲಿ. ನೋಡುತ್ತಿದ್ದಂತೆ ಚಪ್ಪಲಿ ಒಂದು ಹೆಜ್ಜೆ ಹಿಂದೆ ಸರಿಯಿತು, ಗಿರ್ರನೆ ತಿರುಗಿತು, ಸರಸರ ಬಾಗಿಲ ಕಡೆ ಹೋಯಿತು. ಊಟಕ್ಕೆ ನೀರು ತರಲು ಹೋಗಿರಬೇಕು ಪಾಪ, ಎಂದುಕೊಂಡ. ಬೂಟು ಕದಲಲಿಲ್ಲ.

ಹೊರಗೆ ತೆವಳಿ ಬಂದವನ ಮುಖ ಸಾವಿರ ಕ್ಯಾಂಡಲ್ಲಿನ ಬಲ್ಬಾಗಿತ್ತು. "ಮೇಡಂ! ನಮ್ಮ ಭಾವ ಅಪ್ಪಟ ಚಿನ್ನ. ಶಾಫ್ಟನ್ನ ಯಾರೋ ಬಿಚ್ಚಿ ಬೇಕಂತಲೇ ಉಲ್ಟಾ ಹಾಕಿದಾರೆ. ಬೋಲ್ಟಿನ ಮೇಲೆ ಹಳದಿ ಗೀಟು ಇದೆ. ಆ ಗೀಟು ಯಾರ ಕೈದು ಅಂತ ನೀವೂ ಈಗ ತಾನೆ ನೋಡಿದ್ರಿ."

ಇನ್‌ಸ್ಪೆಕ್ಟರಮ್ಮ ಬಗ್ಗಿ ಟಾರ್ಚಿನಲ್ಲಿ ತಾವೇ ನೋಡಿದರು. ಎದ್ದು ಕೈ ಒರೆಸಿಕೊಂಡರು.

"ಒಪ್ಪಿದೆ. ಯಾವಾಗ ತಿರುಗಿಸಿದ್ದು?"

"ಯಾವಾಗ ಅಂದ್ರೆ... ಕಳವು ಆದ ಮೇಲೆ! ಭಾವನ ತಲೆಗೆ ಕಟ್ಟೋಕೆ."

"ಹೇಗೆ ಮೇಸ್ತ್ರಿಗಳೇ? ಕಳವು ಆದ ಸಂಜೆನೇ ಗುಂಯ್ ಅಂದಿದ್ದನ್ನ ನೀವೇ ಕೇಳಿದ್ರಲ್ಲ."

ಮೇಸ್ತ್ರಿ ಮೂಗಿನ ಮೇಲಿನ ಕೆಸರು ಒರೆಸಿಕೊಂಡ.

"ನೀವು ಕೇಳಿದ್ದು ನಿಜ ಆದ್ರೆ," ಇನ್‌ಸ್ಪೆಕ್ಟರಮ್ಮ ನಿಧಾನವಾಗಿ, ಪ್ರತಿ ಅಕ್ಷರವೂ ತುಟಿಯ ಮೇಲೆ ಕಾಣುವಂತೆ ಹೇಳಿದರು, "ಶಾಫ್ಟು ಕಳವಿಗೆ ಮುಂಚೆನೇ ತಿರುಗಿತ್ತು. ಯಾರೋ ಅರೆಬರೆ ರಿಪೇರಿ ಮಾಡಿದ್ರು, ಅಷ್ಟೆ. ನಿಮ್ಮ ಭಾವ ಅದೇ ಗಾಡಿಯಲ್ಲಿ ಕಾರ್ಖಾನೆಗೆ ಹೋದ. ಆ ಹಳದಿ ಗೀಟು ನಿಮ್ಮ ಭಾವನ್ನ ಬಿಡಿಸೋದಿಲ್ಲ. ಬಿಡಿಸ್ಬೇಕಾದ್ರೆ ಆ ಸಂಜೆ ಗುಂಯ್ ಅಂದಿರ್ಲೇಬಾರ್ದು."

"ಅಲ್ಲಿದ್ದ ಬೇರೆಯವರನ್ನ ಕೇಳಿ ಮೇಡಂ."

"ಕೇಳಿದೆ. ಒಬ್ಬರಿಗೂ ಏನೂ ಕೇಳಿಸಿಲ್ಲ. ಯಾಕಪ್ಪ ಅಂದ್ರೆ, 'ಅವರ ಕಿವಿ ಎಲ್ಲಿ, ನಮ್ಮ ಕಿವಿ ಎಲ್ಲಿ' ಅಂತಾರೆ."

ಮೇಸ್ತ್ರಿ ಬೆಂಚಿನ ಮೇಲೆ ಕುಸಿದ. ಭಾವನ ಮುಖ ಕಣ್ಣೆದುರು ಬಂತು. ಹೊಸದಾಗಿ ಅಕ್ಕನನ್ನು ಮದುವೆಯಾಗಿದ್ದಾಗ, "ಕಲೀಬೇಕಾ? ತಗೋ, ಇದನ್ನೇ ಬಿಚ್ಚು," ಎಂದು ತನ್ನ ಹೊಟ್ಟೆಪಾಡಿನ ಗಾಡಿಯನ್ನೇ ಇವನ ಕೈಗೆ ಕೊಟ್ಟವನು. ಬಿಚ್ಚಿ ಜೋಡಿಸಿದಾಗ ಒಂದು ಹಿಡಿ ನಟ್ಟು ಮಿಕ್ಕಿದ್ದವು. ಭಾವ ಒಂದು ಮಾತೂ ಆಡದೆ ಅವನ್ನು ಜೇಬಿಗೆ ಹಾಕಿಕೊಂಡು ಗಾಡಿ ಹತ್ತಿ ಹೋಗಿದ್ದ.

"ಮೇಡಂ, ಒಂದು ವೇಳೆ..." ಮೇಸ್ತ್ರಿ ತಲೆ ಎತ್ತಿದ. "ಒಂದು ವೇಳೆ ಗಾಳಿ ಬೀಸಿ, ಸದ್ದು ಸ್ವಲ್ಪ ಆಚೀಚೆ ಆಗಿ..."

"ರಸ್ತೆಯಲ್ಲಿ ಹೋಗ್ತಾ ನಾನೇನು ಕೇಳಿದೆ?"

"ಯಾವಾಗ?"

"'ಅದೇ ಮತ್ತೆ' ಅಂದ್ರಲ್ಲ, ಆಗ. ನಿಮಗೆ ಮಕ್ಕಳೆಷ್ಟು ಅಂತ ಕೇಳಿದ್ದೆ."

ಮೇಸ್ತ್ರಿ ಪಕ್ಕದಲ್ಲಿದ್ದ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡ.

"ನೀವು ಗಾಡಿ ಕೆಳಗಿದ್ದಾಗ ಇಲ್ಲೇ ನಿಂತು ಗಟ್ಟಿಯಾಗಿ ಹೇಳಿದೆ: ಮೇಸ್ತ್ರಿಗಳೇ, ನಿಮ್ಮ ಭಾವನ್ನ ಬಿಟ್ಟುಬಿಟ್ಟಿದೀವಿ, ಕಾವಲುಗಾರನಿಗೆ ಎಚ್ಚರ ಆಗಿದೆ, ನಿಜ ಹೇಳಿದಾನೆ ಅಂತ. ಒಂದು ಸಲ ಅಲ್ಲ, ಹೇಳ್ತಾನೇ ಇದ್ದೆ. ನೀವು ಹೂಂ ಅನ್ನಲಿಲ್ಲ, ಹಾಂ ಅನ್ನಲಿಲ್ಲ. ಆಚೆ ಬಂದು ನನಗೇ ಭಾವ ಚಿನ್ನ ಅಂತ ವಾದ ಮಾಡಿದ್ರಿ."

"ಬಿಟ್ರಾ ಭಾವನ್ನ?" ಮೇಸ್ತ್ರಿ ನೆಗೆದು ನಿಂತ.

"ಇಲ್ಲ. ನಿಮ್ಮ ಕಿವಿ ಹಿಂಡೋಕೆ ಹೇಳಿದ ಸುಳ್ಳು."

ಮೇಸ್ತ್ರಿ ಮತ್ತೆ ಕೂತ. ಸ್ಕ್ರೂಡ್ರೈವರಿನ ಹಿಡಿಯ ಮೇಲೆ ತನ್ನದೇ ಹಲ್ಲಿನ ಗುರುತುಗಳನ್ನು ಹೆಬ್ಬೆರಳಿಂದ ಸವರಿದ. ಆಮೇಲೆ, ಎಂದೂ ಮಾತಾಡದಷ್ಟು ಸಣ್ಣ ದನಿಯಲ್ಲಿ ಹೇಳಿದ:

"ಇರುವೆ ಕೆಮ್ಮಿದ್ದು ಸುಳ್ಳು ಮೇಡಂ. ಇರುವೆ ಹಾಗಿರಲಿ, ಆನೆ ಕೆಮ್ಮಿದ್ರೂ ನನಗೆ ಅದರ ಬಾಯಿ ನೋಡಿದ್ರೇ ಗೊತ್ತಾಗೋದು. ಎರಡು ಕಿವಿನೂ ಹೋಗಿ ಕಾಲ ಆಯ್ತು. ಜಾಸ್ತಿ ಸುತ್ತಿಗೆ, ಜಾಸ್ತಿ ಇಂಜಿನ್ನು. ಗಾಡಿ ಕಾಯಿಲೆ ಅಂಗಾಲಲ್ಲಿ ಗೊತ್ತಾಗುತ್ತೆ, ಹಲ್ಲಲ್ಲಿ ಗೊತ್ತಾಗುತ್ತೆ. ಅದು ಸುಳ್ಳಲ್ಲ. ಆದ್ರೆ ಬೀದಿಯಲ್ಲಿ ಹೋಗೋ ಗಾಡಿ..." ತಲೆ ಅಲ್ಲಾಡಿಸಿದ. "ಆ ಸಂಜೆ ನಾನು ಏನೂ ಕೇಳಿಲ್ಲ."

"ಹಾಗಾದ್ರೆ ಗುಂಯ್ ಅಂದಿದ್ದು ಯಾರು?"

"ಗಾಳಿ. ಎದುರಿಗೆ ಕೂತಿದ್ದ. 'ಕೇಳಿದ್ರಾ ಗುರುವೇ? ನಿಮ್ಮ ಭಾವನ ಪಿಕಪ್ಪು ಕಾರ್ಖಾನೆ ಕಡೆ ಗುಂಯ್ ಅಂತ ಹೋಯ್ತು, ಏನಾಗಿರಬಹುದು ಅದಕ್ಕೆ?' ಅಂದ. ಕೇಳಿಸಲಿಲ್ಲ ಅಂತ ಹೇಗೆ ಹೇಳ್ಲಿ? ಪ್ರೊಪೆಲ್ಲರ್ ಶಾಫ್ಟು ಅಂತ ಎಲ್ಲರಿಗೂ ಕೇಳೋ ಹಾಗೆ ಕೂಗಿದೆ. ಬಿಲ್ಲೆ ತಿರುಗಿಸಿ ಹಾಕಿದ್ರೆ ಹಾಗಾಗುತ್ತೆ ಅಂತ ಒಂದು ಪಾಠನೂ ಕೊಚ್ಚಿದೆ. ಬಹುಶಃ ಆಗ ಬೀದಿಯಲ್ಲಿ ಯಾವ ಗಾಡಿನೂ ಹೋಗಿರ್ಲಿಲ್ಲ ಮೇಡಂ."

ಮೊದಲ ಬಾರಿ ಇನ್‌ಸ್ಪೆಕ್ಟರಮ್ಮನ ಮುಖದಲ್ಲಿ ನಗುವಿನಂಥದ್ದೇನೋ ಸುಳಿದು ಹೋಯಿತು.

"ಹೋಗದೇ ಇರೋ ಗಾಡಿಯನ್ನ ಕಿವುಡನಿಗೆ ಕೇಳಿಸಿದಾನೆ, ಆಮೇಲೆ ರಾತ್ರಿ ನಿಮ್ಮ ಪಾಠದ ಹಾಗೇ ಶಾಫ್ಟು ತಿರುಗಿಸಿದಾನೆ. ಅಂದ್ರೆ ನೀವು ಕಿವುಡು ಅಂತ ಅವನಿಗೆ ಮೊದಲೇ ಗೊತ್ತಿತ್ತು. ಯಾರು ಹೇಳಿದ್ದು?"

"ಯಾರಿಗೂ ಗೊತ್ತಿಲ್ಲ ಮೇಡಂ! ನನ್ನ ಹೆಂಡತಿಗೂ ಗೊತ್ತಿಲ್ಲ, ಬೇಕಂತಲೇ ಉತ್ತರ ಕೊಡಲ್ಲ ಅಂತ ದಿನಾ ಜಗಳ. ಗೊತ್ತಿರೋದು ಅಂದ್ರೆ ಒಬ್ಬರಿಗೇ..."

ಭುಜ ತಟ್ಟುವ ಕೈ. ಮುಖಕ್ಕೆ ಮುಖ ಕೊಟ್ಟು ನಿಲ್ಲುವ ಅಭ್ಯಾಸ. ಸೊಂಟದಲ್ಲಿನ ಬೀಗದ ಕೈ.

ಊಟದ ಕ್ಯಾರಿಯರ್ ಬೆಂಚಿನ ಮೇಲಿತ್ತು, ಮುಚ್ಚಿದಂತೆಯೇ.

"ಅಕ್ಕನಿಗೆ," ಎಂದ.

"ನಾನು ಹೇಳಿದ ಸುಳ್ಳು ನಿಮಗೆ ಕೇಳಿಸಲಿಲ್ಲ. ನಿಮ್ಮಕ್ಕನಿಗೆ ಚೆನ್ನಾಗಿ ಕೇಳಿಸ್ತು." ಇನ್‌ಸ್ಪೆಕ್ಟರಮ್ಮನ ಕೈ ಸೊಂಟದ ಪಟ್ಟಿಗೆ ಹೋಯಿತು. "ಗಂಡ ಬಿಡುಗಡೆ ಆದ ಅಂದ್ರೆ ಹೆಂಡತಿ ಮನೆ ಕಡೆ ಓಡ್ಬೇಕು. ಅವರ ಮುಖ ಸುಣ್ಣ ಆಯ್ತು. ಓಡಿದ್ದು ಪಕ್ಕದ ಟೈರ್ ಅಂಗಡಿಗೆ, ಗಾಳಿ ಹತ್ರ. ಅದರ ಮುಂಬಾಗಿಲಲ್ಲಿ ನಮ್ಮ ಪೇದೆ ಇದಾನೆ, ಅಂಗಡಿ ತೆರೆದೇ ಇದೆ. ಇಬ್ಬರೂ ಏನು ಮಾಡ್ತಾರೆ ನೋಡೋಣ ಅಂತ ಬಿಟ್ಟಿದೀನಿ."

ಮೇಸ್ತ್ರಿಯ ಬರಿಗಾಲು ನೆಲಕ್ಕೆ ಅಂಟಿಕೊಂಡಿತ್ತು. ಬೆಳಗಿನಿಂದ ಅಂಗಾಲಿಗೆ ಬಡಿಯುತ್ತಿದ್ದ ಕಂಪ್ರೆಸರ್ ನಿಂತುಹೋಗಿತ್ತು. ಅದರ ಜಾಗದಲ್ಲಿ ಬೇರೇನೋ ಒಂದು, ಭಾರದ್ದು, ಸಿಮೆಂಟಿನಡಿಯಿಂದ ನಡುಗುತ್ತ ಏರುತ್ತಿತ್ತು.

"ಆ ಅಂಗಡಿಗೆ ಹಿಂದುಗಡೆನೂ ಬಾಗಿಲಿದೆ ಮೇಡಂ," ಎಂದ. "ಅಲ್ಲೊಂದು ಲಾರಿ ಶುರುವಾಗಿದೆ. ತುಂಬಿದ ಲಾರಿ. ಆ ತಾಮ್ರದ ಕೊಳವೆಗಳೇ ಇರ್ಬೇಕು."

ಇನ್‌ಸ್ಪೆಕ್ಟರಮ್ಮ ಕಿವಿಗೊಟ್ಟರು. ಅವರಿಗೆ ಇನ್ನೂ ಏನೂ ಕೇಳಿಸಿರಲಿಲ್ಲ.

"ಇದು ಬಡಾಯಿ ಅಲ್ಲ ಮೇಡಂ. ಓಡಿ!"